ಬೀರವ್ವನ ಎಣಿಕೆ

ಮುಧೋಳದ ಆಸ್ಪತ್ರೆಯಲ್ಲಿ ವಾರ್ಡುಗಳನ್ನು ಸುತ್ತಿ, ಯಾವ ರೋಗಿಯ ಸ್ಥಿತಿ ಕೈಮೀರುವಂತಿದೆ ಎಂದು ಮೊದಲೇ ಗುರುತಿಸಿ ಐಸಿಯುಗೆ ಸಾಗಿಸುವುದು ಹಿರಿಯ ನರ್ಸ್ ಆದ ನನ್ನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ನ್ಯುಮೋನಿಯಾ ಆಗಿದ್ದ ಕುರಿಗಾರ ಅಜ್ಜನ ಚಾರ್ಟು ನೋಡಿದೆ. ಉಸಿರಾಟದ ಸಾಲಿನಲ್ಲಿ ಮೂರು ಹೊತ್ತೂ ನಿಮಿಷಕ್ಕೆ ಹದಿನೆಂಟು ಎಂದು, ಆರೋಗ್ಯವಂತರ ಲೆಕ್ಕವೇ, ಮುದ್ದಾಗಿ ಬರೆದಿತ್ತು. ಕಾನ್ವೆಂಟಿನಲ್ಲಿ ಕಲಿತವಳಿಗೆ ಚೊಕ್ಕ ಅಕ್ಷರ ಕಂಡರೆ ನಂಬಿಕೆ ಬಂದುಬಿಡುತ್ತದೆ. ಮುಂದೆ ಹೊರಟೆ.

ಅಜ್ಜನ ಹೆಂಡತಿ ಬೀರವ್ವ ಅಡ್ಡ ನಿಂತಳು. ನರ್ಸುಗಳೆಲ್ಲ ಅವಳಿಗೆ ‘ಬಾಯಾರು’. “ಹಾಳಿ ಏನ್ ನೋಡ್ತೀರಿ ಬಾಯಾರ? ಇವರ ಹೊಟ್ಟಿ ನೋಡ್ರಿ. ಕುರಿ ಹಿಂಗ ತೇಕಿದ್ರ ನಾವು ಸಂಜೀತನಕ ಬಿಡಂಗಿಲ್ಲ.”

“ಭೇಟಿಯ ಸಮಯ ಮುಗಿದಿದೆ,” ಎಂದೆ.

“ಮುಗೀಲಿ. ಎಣಸ್ರಿ.”

ನಾನು ಗಡಿಯಾರ ಹಿಡಿದು ಎಣಿಸಿದೆ. ನಾನು ಸಾಕು ಎನ್ನುವವರೆಗೆ ಅವಳು ಬೆರಳ ಗೆರೆಗಳ ಮೇಲೆ ಎಣಿಸಿದಳು. ನಿಮಿಷಕ್ಕೆ ಇಬ್ಬರಿಗೂ ಮೂವತ್ತಾರು ಬಂತು. ಆಮ್ಲಜನಕ ಹಚ್ಚಿ, ಡಾಕ್ಟರನ್ನು ಕರೆಸಿ, ಕೂಡಲೇ ಅಜ್ಜನನ್ನು ಐಸಿಯುಗೆ ಸೇರಿಸಿದೆವು.

ಮೂರನೆಯ ದಿನ ಅಜ್ಜ ಎದ್ದು ಕುಳಿತು ರೊಟ್ಟಿ ಕೇಳಿದ. ನನಗೆ ಕುಣಿಯುವಷ್ಟು ಹಿಗ್ಗು. ಬೀರವ್ವನ ಕೈ ಹಿಡಿದುಕೊಂಡು ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತ ಮೇಲಿನ ವಾರ್ಡಿಗೆ ಹೋದೆ. ನರ್ಸುಗಳನ್ನು ಸಾಲಾಗಿ ನಿಲ್ಲಿಸಿ, ಉಸಿರು ಎಣಿಸುವುದನ್ನು ಇವರಿಂದ ಕಲಿಯಿರಿ ಎಂದೆ.

ಬೀರವ್ವ ಸುತ್ತ ನೋಡಿ ನನ್ನತ್ತ ಬೆರಳು ತೋರಿಸಿದಳು. “ಬಾಯಾರನ್ನ ಎಣಸ್ರಿ. ಮಾರಿ ನೋಡಬ್ಯಾಡ್ರಿ, ಹೊಟ್ಟಿ ನೋಡ್ರಿ. ನಗಬ್ಯಾಡ್ರಿ, ಲೆಕ್ಕ ತಪ್ಪತೈತಿ.”

ಇಡೀ ವಾರ್ಡು ನನ್ನ ಹೊಟ್ಟೆಯನ್ನು ದಿಟ್ಟಿಸಿತು.

“ಇಪ್ಪತ್ತೆಂಟು ಆತು,” ಎಂದಳು ಬೀರವ್ವ. “ಕುಂದರ್ರಿ ಬಾಯಾರ.”

ನನ್ನ ಲೆಕ್ಕದಲ್ಲಿ ಅದು ಇಪ್ಪತ್ತಾರು. ವಾದಿಸಲು ಉಸಿರು ಸಾಲದೆ ಕುಳಿತೆ.