ಹೊಗೆಮನೆಗೆ ಹಾಕಿದ ಬೀಗ

ಆಗ ನನಗೆ ಅರವತ್ತನಾಲ್ಕು ವರ್ಷ. ಅದಾಗಿ ಏಳು ವರ್ಷ ಕಳೆಯಿತು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದರೆ ಪತ್ರಿಕೆಯವರು ಸರಿ ಮಾಡಿಕೊಳ್ಳಲಿ, ನಡೆದದ್ದನ್ನು ತಿದ್ದುವುದು ಬೇಡ.

ಕಡಬದಿಂದ ಒಳಗೆ ಗುಡ್ಡದ ಬದಿಯಲ್ಲಿ ನಮ್ಮ ರಬ್ಬರ್ ತೋಟ. ನನ್ನ ಅಪ್ಪ ಕೇರಳದಿಂದ ಬಂದು ಮಾಡಿದ್ದು. ಆಗ ಮನೆಯಲ್ಲಿ ನಾನು, ನನ್ನ ಮಗ ಜೋಯಿ ಮತ್ತು ಅವನ ಒಬ್ಬಳೇ ಮಗಳು ರೋಸ್ಲಿ. ಅವಳು ಚಿಕ್ಕವಳಿರುವಾಗಲೇ ಸೊಸೆ ಕಾಯಿಲೆಯಲ್ಲಿ ತೀರಿಕೊಂಡಳು. ಅಪ್ಪ ಮಗಳು ಇಬ್ಬರೂ ನನ್ನನ್ನು ಅಮ್ಮಚ್ಚಿ ಎಂದೇ ಕರೆಯುವುದು.

ರೋಸ್ಲಿ ಸುಳ್ಯದಲ್ಲಿ ನರ್ಸಿಂಗ್ ಮುಗಿಸಿ ಬಂದವಳು ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು, "ಪಪ್ಪ, ನಾನು ಪುತ್ತೂರಿನ ಕಾನ್ವೆಂಟ್ ಸೇರಿ ಸನ್ಯಾಸಿನಿ ಆಗ್ತೇನೆ. ಒಡಿಶಾದ ಕಾಡಿನಲ್ಲಿ ಆ ಸಿಸ್ಟರ್‌ಗಳದ್ದೊಂದು ಆಸ್ಪತ್ರೆ ಉಂಟು. ಅಲ್ಲಿಗೆ ಹೋಗುದು ಅಂತ ಮನಸ್ಸು."

"ಇಲ್ಲಿ ರೋಗಿಗಳು ಮುಗಿದ್ರಾ? ಪುತ್ತೂರಿನಲ್ಲಿ ಆಸ್ಪತ್ರೆ ಎಷ್ಟು ಬೇಕು ನಿನಗೆ?" ಎಂದ ಜೋಯಿ.

"ದೇವರು ಕರೆದದ್ದು ಅಲ್ಲಿಗೆ."

"ನಿನಗೆ ಮಾತ್ರ ಕೇಳಿಸ್ತದಾ? ನನಗೂ ಎರಡು ಕಿವಿ ಉಂಟು."

ನಾನು ನಡುವೆ ಬಾಯಿ ಹಾಕಲಿಲ್ಲ. ಕರೆ ಎಂದರೆ ಹೇಗಿರುತ್ತದೆ ಎಂದು ನನಗೆ ತಿಳಿಯದು. ನನ್ನನ್ನು ದೇವರು ಕತ್ತಲೆಗೇ ಎಬ್ಬಿಸಿ ರಬ್ಬರ್ ಮರದ ಬುಡಕ್ಕೆ ಕಳಿಸಿದ್ದು ಬಿಟ್ಟರೆ ಬೇರೆ ಎಲ್ಲಿಗೂ ಕರೆದಿಲ್ಲ. ಆದರೆ ಹುಡುಗಿಯ ಮಾತಿನಲ್ಲಿ ಆಟ ಇರಲಿಲ್ಲ. ಜೋಯಿಗೆ ಹೆದರಿಕೆ. ಅಷ್ಟು ದೂರದ ಕಾಡು, ಅಲ್ಲಿಯ ಜನ ಎಂತವರೋ, ಇವಳಿಗೆ ಏನಾದರೂ ಆದರೆ ಹೆಣ ನೋಡಲಿಕ್ಕೂ ಸಿಕ್ಕಲಿಕ್ಕಿಲ್ಲ ಎಂದು. ತಿಂಗಳುಗಟ್ಟಲೆ ಒಬ್ಬರಿಗೊಬ್ಬರು ಮಾತಿಲ್ಲ. ಕೊನೆಗೆ ಅವನು "ಏನಾದ್ರೂ ಮಾಡಿಕೊ" ಎಂದ.

ಹುಡುಗಿ ಬರುತ್ತೇನೆಂದರೆ ಸಾಲದು, ಅಪ್ಪ ಅಮ್ಮ ಬಾಯಿಬಿಟ್ಟು ಕಳಿಸುತ್ತೇವೆ ಎನ್ನಬೇಕು ಎಂಬುದು ಆ ಸಿಸ್ಟರ್‌ಗಳ ಕ್ರಮ. ಅದನ್ನು ಕೇಳಿ ಅವಳನ್ನು ಕರೆದುಕೊಂಡು ಹೋಗಲಿಕ್ಕೆ ಪುತ್ತೂರಿನಿಂದ ಇಬ್ಬರು ಸಿಸ್ಟರ್ ಬರುವವರಿದ್ದರು. ಕ್ರಿಸ್ಮಸ್ ಕಳೆದ ಮೇಲಿನ ದಿನಗಳು, ಮರಗಳು ಎಲೆ ಉದುರಿಸಲು ಸುರು ಮಾಡಿದ್ದವು.

ಅವರು ಬರುವ ದಿನ ಮಧ್ಯಾಹ್ನ ನೋಡಿದರೆ ರೋಸ್ಲಿ ಇಲ್ಲ. ಜೋಯಿ, "ಕಡಬಕ್ಕೆ ಹೋಗಿದ್ದಾಳೆ, ಗೆಳತಿಗೆ ಹೇಳಿ ಬರ್ಲಿಕ್ಕೆ" ಎಂದ. ಹೋಗುವ ಹುಡುಗಿ ನಾಲ್ಕು ಜನರಿಗೆ ಹೇಳಿ ಹೋಗುವುದು ಸರಿಯೇ. ನಾನು ನನ್ನ ಕೆಲಸಕ್ಕೆ ಹೋದೆ.

ಹೊಗೆಮನೆ ಎಂದರೆ ರಬ್ಬರ್ ಶೀಟ್ ಒಣಗಿಸುವ ಕೋಣೆ. ಕಿಟಕಿ ಇಲ್ಲ. ಒಲೆಯ ಬಾಯಿ ಹೊರಗೆ, ಹಿಂಬದಿಗೆ. ಅಲ್ಲಿ ಬೆಂಕಿ ಹಾಕಿದರೆ ಹೊಗೆ ಒಳಗೆ ಹೋಗಿ ತುಂಬುತ್ತದೆ. ನಮ್ಮದು ಮನೆಯಿಂದ ಸುಮಾರು ದೂರ ಕೆಳಗೆ ಉಂಟು. ದಿನಾ ಸಂಜೆ ಬೆಂಕಿ ಹಾಕುವುದು ನಾನು. ಆ ದಿನ ಸಿಸ್ಟರ್‌ಗಳು ಬಂದರೆ ಕೈ ಬಿಡುವಾಗಲಿಕ್ಕಿಲ್ಲ ಎಂದು ಮಧ್ಯಾಹ್ನವೇ ಹಾಕಿ ಬಿಡುವ ಎಂದು ಇಳಿದೆ. ಬಾಗಿಲಿಗೆ ಹೊಸ ಬೀಗ ಇತ್ತು. ಶೀಟ್ ಕದಿಯುವವರ ಕಾಟ ಆಗ ಜಾಸ್ತಿ. ಇವನಿಗೆ ಈಗಲಾದರೂ ಬುದ್ಧಿ ಬಂತು ಎಂದುಕೊಂಡು ತೆಂಗಿನ ಗೆರಟೆ, ಸಿಪ್ಪೆ, ಹಸಿ ಕಟ್ಟಿಗೆ ಒಟ್ಟಿ ಕೊಳ್ಳಿ ಇಟ್ಟು ಬಂದೆ.

ಮೇಲೆ ಬರುವಾಗ ಸಿಸ್ಟರ್‌ಗಳ ಜೀಪು ಬಂದಾಗಿತ್ತು. ಒಬ್ಬರು ಪ್ರಾಯ ಆದವರು, ಇನ್ನೊಬ್ಬರು ಹುಡುಗಿಯೇ. ಕಾಫಿ ಕೊಟ್ಟೆ. ಜೋಯಿ ನೆಲ ನೋಡಿಕೊಂಡು ಹೇಳಿದ, "ನಿಮಗೆ ಸುಮ್ಮನೆ ತೊಂದರೆ ಆಯ್ತು ಸಿಸ್ಟರ್. ಅವಳು ಮನಸ್ಸು ಬದಲು ಮಾಡಿದ್ಲು. ನಿಮ್ಮ ಮುಖ ನೋಡ್ಲಿಕ್ಕೆ ನಾಚಿಕೆ ಅಂತ ಸುಳ್ಯಕ್ಕೆ ನನ್ನ ತಂಗಿ ಮನೆಗೆ ಹೋಗಿದ್ದಾಳೆ."

ದೊಡ್ಡ ಸಿಸ್ಟರ್, "ಅವಳೇ ಹೇಳಿದ್ಲಾ?" ಎಂದು ಕೇಳಿದರು.

"ಅವಳೇ."

ನನಗೆ ಹೇಳಿದ್ದು ಕಡಬ, ಇವರಿಗೆ ಸುಳ್ಯ. ಸುಳ್ಳು ಎಂದು ಗೊತ್ತಾಯಿತು. ಬಂದವರ ಎದುರು ಮಗನ ಮಾನ ತೆಗೆಯುವುದು ಬೇಡ, ಅವರು ಹೋಗಲಿ, ಮತ್ತೆ ಇವನನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಸುಮ್ಮನಾದೆ. ಅಷ್ಟರಲ್ಲಿ ಗಾಳಿ ತಿರುಗಿ ಹೊಗೆ ಮೇಲೆ ಬಂತು. ಚಿಕ್ಕ ಸಿಸ್ಟರ್ ಕಣ್ಣು ಉಜ್ಜಿಕೊಂಡರು.

"ಎಂತ ಮಾಡುದು ಸಿಸ್ಟರ್, ರಬ್ಬರ್‌ನವರ ಮನೆ. ಹೊಗೆಮನೆಗೆ ಇವತ್ತು ಬೇಗ ಬೆಂಕಿ ಹಾಕಿದೆ" ಎಂದೆ.

ಜೋಯಿಯ ಕೈಯಿಂದ ಲೋಟ ಬಿತ್ತು. "ಅಮ್ಮಚ್ಚಿ, ಎಂತ ಹಾಕಿದ್ದು?" ಎಂದವನ ಮುಖದಲ್ಲಿ ರಕ್ತ ಇಲ್ಲ. ಆ ಹೊಸ ಬೀಗದ ಒಳಗೆ ಯಾರು ಎಂದು ನನಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

ಅವನು ಓಡಿದ. ಹಿಂದೆ ಸಿಸ್ಟರ್‌ಗಳು. ನಾನು ದನದ ಹಟ್ಟಿಯ ಬದಿಯಲ್ಲಿದ್ದ ಹಾರೆ ಹಿಡಿದುಕೊಂಡು ಇಳಿದೆ. ಹೊಗೆಮನೆಯ ಹಂಚಿನ ಸಂದಿಯಿಂದೆಲ್ಲ ಹೊಗೆ ಏಳುತ್ತಿತ್ತು. ಒಳಗಿನಿಂದ ಶಬ್ದ ಇಲ್ಲ. ಜೋಯಿ ಕೀ ಹಾಕಲು ಹೋದ, ಕೀ ಜಾರಿ ತರಗೆಲೆಯೊಳಗೆ ಬಿತ್ತು. ಮೊಣಕಾಲೂರಿ ಎಲೆ ಕೆದಕುತ್ತಾ "ಮೋಳೆ, ಮೋಳೆ" ಎನ್ನುತ್ತಿದ್ದ. ನಾವು ಮಗಳನ್ನು ಕರೆಯುವುದು ಹಾಗೆ.

"ಆಚೆ ಹೋಗು" ಎಂದು ಹಾರೆಯನ್ನು ಚಿಲಕದ ಕೊಂಡಿಗೆ ಕೊಟ್ಟು ಮೀಟಿದೆ. ಬರಲಿಲ್ಲ. ಮತ್ತೆ ಮೀಟಿದೆ. ಚಿಕ್ಕ ಸಿಸ್ಟರ್ ಹಿಂಬದಿಗೆ ಹೋಗಿ ಉರಿಯುವ ಕಟ್ಟಿಗೆಯನ್ನು ಕೈಯಲ್ಲೇ ಎಳೆದು ಹೊರಗೆ ಬಿಸಾಡುತ್ತಿದ್ದರು. ದೊಡ್ಡ ಸಿಸ್ಟರ್ ನನ್ನ ಜೊತೆ ಹಾರೆಗೆ ಕೈ ಹಾಕಿದರು. ಕೊಂಡಿ ಕಿತ್ತು ಬಂತು.

ರೋಸ್ಲಿ ಬಾಗಿಲ ಬುಡದಲ್ಲೇ ಕವುಚಿ ಬಿದ್ದಿದ್ದಳು, ಮೂಗು ಹೊಸ್ತಿಲ ಸಂದಿಗೆ ಇಟ್ಟು. ಕಂಕುಳಿಗೆ ಕೈ ಕೊಟ್ಟು ಹೊರಗೆ ಎಳೆದೆವು. ದೊಡ್ಡ ಸಿಸ್ಟರ್ ಅವಳನ್ನು ಬದಿಗೆ ಮಲಗಿಸಿ ಬಾಯಿ ಒರೆಸಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆಮ್ಮಿದಳು. ಕೆಮ್ಮಿ ಕೆಮ್ಮಿ ಕಪ್ಪು ಉಗುಳಿದಳು.

"ನಾನು ಬಂದಾಗ ಕೂಗ್ಲಿಕ್ಕೆ ಎಂತ ಧಾಡಿ?" ಎಂದು ಕೇಳಿದೆ.

"ಬೆಂಕಿ ಸಂಜೆಗಲ್ವಾ ಹಾಕುದು. ನೀನು ಕಟ್ಟಿಗೆ ಒಟ್ಟುದು ಅಂತ ಎಣಿಸಿದೆ. ಕೂಗಿದ್ರೆ ನೀನು ಪಪ್ಪನಿಗೆ ಎಲ್ಲರೆದುರು ಬೈತಿದ್ದಿ" ಎಂದು ಒಡೆದ ಸ್ವರದಲ್ಲಿ ಹೇಳಿದಳು. ಹೊಗೆ ಬಂದ ಮೇಲೆ ಕೂಗಿದಳಂತೆ, ನಾನು ಆಗಲೇ ಮೇಲೆ ಹತ್ತಿಯಾಗಿತ್ತು.

ಜೋಯಿಗೆ ಹೇಳಿದೆ, "ಒಡಿಶಾದವರು ಕೊಲ್ತಾರೆ ಅಂತ ಹೆದರಿ ನೀನು ಬೀಗ ಹಾಕಿದ್ದಿ, ನಾನು ಬೆಂಕಿ ಹಾಕಿದೆ. ಅವರಿಗೆ ಇನ್ನು ಎಂತ ಕೆಲಸ ಉಳಿದದ್ದು?"

"ಅವಳ ಎದುರು ಬೇಡ ಅನ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ ಅಮ್ಮಚ್ಚಿ" ಎಂದ.

ಸಿಸ್ಟರ್‌ಗಳ ಜೀಪಿನಲ್ಲೇ ಅವಳನ್ನು ಡಾಕ್ಟರಿಗೆ ತೋರಿಸಿ ತಂದೆವು. ಪುಣ್ಯಕ್ಕೆ ಹೆಚ್ಚೇನೂ ಆಗಿರಲಿಲ್ಲ, ಸ್ವರ ಮಾತ್ರ ಹೋಗಿತ್ತು. ಅಂಗಳದಲ್ಲಿ ಇಳಿದವಳು ಪಿಸುಗುಟ್ಟಿದಳು, "ನಾನು ಈಗಲೇ ಬರ್ತೇನೆ ಸಿಸ್ಟರ್."

"ಇವತ್ತು ಬೇಡ" ಎಂದರು ದೊಡ್ಡ ಸಿಸ್ಟರ್. "ದೇವರು ಕರೆದು ಬಂದದ್ದಾ, ಬೀಗಕ್ಕೆ ಹೆದರಿ ಓಡಿ ಬಂದದ್ದಾ ಅಂತ ನಾಳೆ ನಿನಗೇ ಗೊತ್ತಾಗ್ಲಿಕ್ಕಿಲ್ಲ. ಮತ್ತೆ, ನಾವು ಮಕ್ಕಳನ್ನು ಕದ್ದುಕೊಂಡು ಹೋಗುವವರಲ್ಲ. ನಿನ್ನ ಅಪ್ಪನೇ ಪುತ್ತೂರಿಗೆ ತಂದು ಬಿಡ್ಲಿ. ಇಲ್ಲದಿದ್ರೆ ಇಲ್ಲ."

ಚಿಕ್ಕ ಸಿಸ್ಟರ್ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಜೀಪು ಹತ್ತಿದರು.  ಹೊರಡಲು ಕಟ್ಟಿಟ್ಟಿದ್ದ ಪೆಟ್ಟಿಗೆಯನ್ನು ರೋಸ್ಲಿ ಆ ಸಂಜೆ ಬಿಚ್ಚಲಿಲ್ಲ.

ಈಗ ಅವಳು ಒಡಿಶಾದ ಆ ಆಸ್ಪತ್ರೆಯಲ್ಲೇ ಇದ್ದಾಳೆ, ಹೆರಿಗೆ ಮಾಡಿಸುತ್ತಾಳಂತೆ. ಜೋಯಿ ಒಮ್ಮೆ ಹೋಗಿ ನೋಡಿ ಬಂದ. ಕೇಳಿದರೆ "ಅಲ್ಲಿ ನೀರು ಒಳ್ಳೆದುಂಟು" ಎಂದ, ಅಷ್ಟೇ. ಯಾರನ್ನು ದೇವರು ಕರೆಯುತ್ತಾನೆ, ಯಾಕೆ ಕರೆಯುತ್ತಾನೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಹೊರಟವರನ್ನು ಬೀಗ ಹಾಕಿ ಉಳಿಸಿಕೊಳ್ಳಲಾಗದು ಎಂದು ಮಾತ್ರ ತಿಳಿಯಿತು. ಹೊಗೆಮನೆಗೆ ಬೆಂಕಿ ಹಾಕುವ ಮೊದಲು ಈಗಲೂ ಬಾಗಿಲು ತೆಗೆದು ಒಳಗೆ ನೋಡುತ್ತೇನೆ.

ಬೀಗ ಒಡೆದ ಮರುದಿನ ಬೆಳಿಗ್ಗೆ ನಾನು ರಬ್ಬರ್ ಹಾಲಿನ ಟ್ಯಾಪಿಂಗ್‌ಗೆ ಹೋಗಲಿಲ್ಲ. "ಹೋಗುದಾ?" ಎಂದು ರೋಸ್ಲಿಯನ್ನು ಕೇಳಿದೆ. ಹೂಂ ಎಂದು ತಲೆಯಾಡಿಸಿದಳು. ಜೋಯಿಯನ್ನು ಎಬ್ಬಿಸಿ ಪೆಟ್ಟಿಗೆಯನ್ನು ಅವನ ತಲೆಯ ಮೇಲಿಟ್ಟೆ. "ಗಂಟಲು ಸರಿಯಾಗ್ಲಿ ಅಮ್ಮಚ್ಚಿ, ಮತ್ತೆ ನೋಡುವ" ಎಂದ. "ಗಂಟಲು ಪುತ್ತೂರಿನಲ್ಲಿಯೂ ಸರಿಯಾಗ್ತದೆ, ನಡಿ" ಎಂದೆ. ದಾರಿಯಲ್ಲಿ ಮುಂದೆ ಅವಳು, ನಡುವೆ ಅವನು, ಅವನು ಹಿಂದೆ ತಿರುಗದ ಹಾಗೆ ಹಿಂದಿನಿಂದ ನಾನು. ಬಸ್ಸು ಬಂತು. ಪುತ್ತೂರಿಗೆ ಮೂರು ಟಿಕೆಟ್ ತೆಗೆದೆ.