ಹೀರಾಬಾಯಿಯ ಮೈಕಿನ ಕೋಣೆ

ನೆಲೋಗಿಯಿಂದ ಜೇವರ್ಗಿಗೆ ಹೋಗುವ ಬಸ್ಸು ಒಳದಾರಿ ಹಿಡಿದರೆ ಒಂದು ಸಣ್ಣ ಊರು ಸಿಗುತ್ತದೆ. ಆ ಊರಿನ ಹೈಸ್ಕೂಲಿನ ಅಂಗಳದಲ್ಲಿ ನಿಂತು, "ನಿಂಬೆವ್ವನ್ನ ಹೊರಗ ತರ್ರಿ, ಮಾಳಿಂಗಪ್ಪ ಬ್ಯಾಡ, ಅವನ ದನಿ ಒಡದದ" ಎಂದು ಯಾರಾದರೂ ಕೂಗಿದರೆ ಊರವರು ತಲೆ ಎತ್ತಿಯೂ ನೋಡುವುದಿಲ್ಲ. ಹೊಸಬರು ಮಾತ್ರ ಬೆಚ್ಚಿಬೀಳುತ್ತಾರೆ, ಏಕೆಂದರೆ ನಿಂಬೆವ್ವನೂ ಮಾಳಿಂಗಪ್ಪನೂ ಸತ್ತು ವರ್ಷಗಳಾಗಿವೆ. ಹೊರಗೆ ಬರುವುದು ಅವರಲ್ಲ, ಅವರ ಹೆಸರು ಬರೆದ ಸ್ಪೀಕರು ಮತ್ತು ಆಂಪ್ಲಿಫೈಯರು.

ಬೇರೆ ಊರುಗಳಲ್ಲಿ ಸತ್ತವರ ಹೆಸರಿನಲ್ಲಿ ಸಾಲೆಗೆ ಗಡಿಯಾರವನ್ನೋ ಫ್ಯಾನನ್ನೋ ಕೊಡುತ್ತಾರೆ. ಇಲ್ಲಿ ಬಹಳ ಹಿಂದೆ ಯಾರೋ ಪುಣ್ಯಾತ್ಮ ತನ್ನ ಅಪ್ಪನ ಹೆಸರಿನಲ್ಲಿ ಒಂದು ಮೈಕು ಕೊಟ್ಟ. ಸ್ವಾತಂತ್ರ್ಯದ ದಿನ ಹೆಡ್ಮಾಸ್ತರರು ಅದೇ ಮೈಕಿನಲ್ಲಿ ಆ ಅಪ್ಪನ ಹೆಸರನ್ನು ಊರಿಗೆಲ್ಲ ಕೇಳುವಂತೆ ಹೇಳಿದರು. ಅಷ್ಟೇ ಸಾಕಾಯಿತು. ಆಮೇಲೆ ಯಾವ ಮನೆಯಲ್ಲಿ ಯಾರು ತೀರಿಕೊಂಡರೂ ಸಾಲೆಗೆ ಬರುವುದು ಧ್ವನಿಯ ಸಾಮಾನೇ. ಬದುಕಿದ್ದಾಗ ಸೊಸೆಯಂದಿರ ಮುಂದೆ ಬಾಯಿ ಬಿಡಲಾಗದ ಮುದುಕಿಯರೂ ಸತ್ತ ಮೇಲೆ ಊರ ತುಂಬ ಮೊಳಗತೊಡಗಿದರು.

ಈ ಸಾಮಾನುಗಳನ್ನೆಲ್ಲ ಕಾಯುವವಳು ಹೀರಾಬಾಯಿ, ಸಾಲೆಯ ಗಂಟೆ ಬಾರಿಸಿ ಕಸ ಹೊಡೆಯುವ ಸಿಪಾಯಿ. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಇವಳಿಗೆ ಬಂತು, ಕೆಲಸದ ಜೊತೆಗೆ ಮೈಕಿನ ಕೋಣೆಯ ಕೀಲಿಯೂ ಬಂತು. ಕೋಣೆ ನಿಜಾಮನ ಕಾಲದ್ದು. ಮೊಳದಷ್ಟು ದಪ್ಪ ಕಲ್ಲುಗೋಡೆ, ಗೋಡೆಯ ತುಂಬ ಗೂಡುಗಳು, ಒಂದೇ ಕಿಂಡಿ. ಹೀರಾಬಾಯಿ ಸ್ಪೀಕರುಗಳನ್ನು ಎಂದೂ ಅಡ್ಡ ಮಲಗಿಸಿದವಳಲ್ಲ. ಒಂದೊಂದು ಗೂಡಿನಲ್ಲಿ ಒಂದೊಂದನ್ನು ನೆಟ್ಟಗೆ ಕೂಡಿಸುತ್ತಿದ್ದಳು, ಊರಿನ ಲಿಂಗವಂತರು ತಮ್ಮವರನ್ನು ಮಣ್ಣಿನಲ್ಲಿ ಕೂಡಿಸುವ ಹಾಗೆ. ಮೈಕುಗಳ ಬಾಯಿಗೆ ಬಿಳಿ ಅರಿವೆ ಕಟ್ಟುತ್ತಿದ್ದಳು. ಸ್ಪೀಕರುಗಳ ಬಾಯಿ ಯಾವಾಗಲೂ ಗೋಡೆಯ ಕಡೆಗೆ. ಎದುರುಬದುರು ಇಟ್ಟರೆ ಕೂಗುತ್ತವೆ ಎಂದು ವಿಜ್ಞಾನದ ಮಾಸ್ತರರು ಅದಕ್ಕೊಂದು ಕಾರಣ ಕೊಟ್ಟಿದ್ದರು. ಹೀರಾಬಾಯಿ ಕೊಡುತ್ತಿದ್ದ ಕಾರಣವೇ ಬೇರೆ. "ಎದುರಾಬದರಾ ಕುಂತ್ರ ಮಾತಾಡ್ಕೋತ ಇರ್ತಾರ್ರಿ ಸರ. ನಮ್ಮ ಮಾತ ಅವರಿಗ್ಯಾಕ, ಅವರ ಮಾತ ನಮಗ್ಯಾಕ?"

ಅವಳಿಗೆ ಓದು ಬಂದದ್ದೂ ಅಲ್ಲೇ. ಕೆಲಸಕ್ಕೆ ಸೇರಿದಾಗ ಅಕ್ಷರ ಬರುತ್ತಿರಲಿಲ್ಲ. ಒರೆಸುತ್ತ ಒರೆಸುತ್ತ ಹೆಸರುಗಳು ಕಣ್ಣಿಗೆ ಗುರುತಾದವು, ಹೆಸರಿನಿಂದ ಅಕ್ಷರಗಳು ಬಿಡಿಬಿಡಿಯಾಗಿ ಸಿಕ್ಕವು. ಎಲ್ಲ ಹೆಸರಿನ ಮುಂದೆಯೂ ಒಂದೇ ಅಕ್ಷರವಿದ್ದದ್ದರಿಂದ ಅವಳು ಕಲಿತ ಮೊದಲ ಅಕ್ಷರ 'ದಿ' ಆಯಿತು. ದಿವಂಗತ ಎಂಬುದರ ಗಿಡ್ಡ ರೂಪ ಅದೆಂದು ತಿಳಿದದ್ದು ಮುಂದೆ ಎಷ್ಟೋ ದಿನಕ್ಕೆ.

ಆ ಕೋಣೆಗೆ ಕಳ್ಳರ ಕಾಟವಿರಲಿಲ್ಲ. ಸುತ್ತಲ ಹೊಲಗಳಲ್ಲಿ ಮೋಟಾರಿನ ತಾಮ್ರದ ವೈರನ್ನೇ ಬಿಡದ ಹುಡುಗರು ಈ ಕಡೆ ಸುಳಿಯುತ್ತಿರಲಿಲ್ಲ. ನಿಂಬೆವ್ವನನ್ನು ಯಾವ ಬಜಾರಿನಲ್ಲಿ ಮಾರುವುದು? ಆದರೂ ಹೀರಾಬಾಯಿ ಎರಡು ಕೀಲಿ ಹಾಕುತ್ತಿದ್ದಳು. ಹೊರಗಿನವರು ಒಳಗೆ ಹೋಗಬಾರದೆಂದು ಒಂದು. ಇನ್ನೊಂದು ಯಾತಕ್ಕೆ ಎಂದು ಕೇಳಿದರೆ ಮಾತು ತಿರುಗಿಸುತ್ತಿದ್ದಳು.

ಅವಳ ಕಟ್ಟಳೆ ಒಂದಿತ್ತು. ಬರೆದ ಹೆಸರನ್ನು ಯಾರೂ ಕೆರೆಯುವ ಹಾಗಿಲ್ಲ. ಮಾಳಿಂಗಪ್ಪನ ಇಬ್ಬರು ಮಕ್ಕಳು ಹೊಲಕ್ಕಾಗಿ ಜಗಳಾಡಿ ಕೋರ್ಟಿಗೆ ಹೋದಾಗ ಹಿರಿಯವನು ಹುಲೆಪ್ಪ ಸಿಟ್ಟಿನಲ್ಲಿ ಸಾಲೆಗೆ ಬಂದು, ಆಂಪ್ಲಿಫೈಯರಿನ ಮೇಲಿದ್ದ ಅಪ್ಪನ ಹೆಸರನ್ನು ಚಾಕುವಿನಿಂದ ಕೆರೆದಿದ್ದ. ಆ ಮಳೆಗಾಲ ಮುಗಿಯುವುದರೊಳಗೆ ಅವನ ಗಂಟಲು ಕಟ್ಟಿತು. ಈಗ ಹತ್ತಿರ ಕೂತರೂ ಗಾಳಿ ಬಿಟ್ಟ ಟೈರಿನಂತೆ ಸುಸ್ಸೆನ್ನುತ್ತದೆ. ಕಲಬುರಗಿಯ ಡಾಕ್ಟರು ಗುಟಖಾ ಎಂದರು. ಗುಟಖಾ ಊರಿನ ಅರ್ಧ ಗಂಡಸರು ತಿನ್ನುತ್ತಾರೆ, ಬಾಯಿ ಬಡಿಯುವುದನ್ನು ಒಬ್ಬನೂ ನಿಲ್ಲಿಸಿಲ್ಲ. ಹೆಸರು ಹೋಗಿ ಗೀರಷ್ಟೇ ಉಳಿದಿದ್ದರೂ ಆಂಪ್ಲಿಫೈಯರನ್ನು ಊರು ಮಾಳಿಂಗಪ್ಪ ಎಂದೇ ಕರೆಯಿತು, ಅದರ ದನಿಯೂ ಅಂದಿನಿಂದ ಒಡೆದೇ ಇದೆ. ಹೀರಾಬಾಯಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವಳ ನಿವೃತ್ತಿ ಹತ್ತಿರ ಬಂತು. ಸಾಲೆಯಲ್ಲಿ ಕಲಿತು ಜೇವರ್ಗಿಯಲ್ಲಿ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿ ಇಟ್ಟಿರುವ ದೌಲತರಾಯ ಅವಳ ಹೆಸರಿನಲ್ಲಿ ಹೊಸ ಸೆಟ್ಟು ಕೊಡುತ್ತೇನೆಂದು ಮುಂದೆ ಬಂದ. ಗಾಲಿ ಇರುವ ದೊಡ್ಡ ಬಾಕ್ಸು, ಜೊತೆಗೆ ವೈರಿಲ್ಲದ ಮೈಕು. ಹೆಸರು ಬರೆಯಲು ಎಂದಿನಂತೆ ಪೇಂಟರ್ ಅಜೀಮನಿಗೆ ಕೊಟ್ಟರು. ಕೆಲಸ ಮುಗಿಸಿದ ಬಾಕ್ಸನ್ನು ಹೆಡ್ಮಾಸ್ತರ ಅಮರನಾಥ ಹಸಿರು ಶಾಲು ಹೊದಿಸಿ ತಂದರು. "ಹೀರಾಬಾಯಿ, ಇದನ್ನ ಒಳಗಿಡ್ರಿ. ಬೀಳ್ಕೊಡು ದಿನಾನೇ ಬಿಚ್ಚೂದು. ಅಲ್ಲೀತನಕ ನೋಡಬ್ಯಾಡ್ರಿ" ಎಂದು ನಕ್ಕು ಹೋದರು.

ಹೆಸರು ಓದದೆ ಯಾವ ಸಾಮಾನನ್ನೂ ಅವಳು ಒಳಗೆ ಕೂಡಿಸಿದವಳಲ್ಲ. ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಿದ್ದಾಗ ಬಾಗಿಲು ಅರ್ಧ ಮುಚ್ಚಿಕೊಂಡು ಶಾಲು ಸರಿಸಿದಳು. ಬಿಳಿ ಅಕ್ಷರ, ಅಜೀಮನ ದುಂಡನೆಯ ಕೈ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು.

ದಿ. ಹೀರಾಬಾಯಿ ಇವರ ಸ್ಮರಣಾರ್ಥ.

ಅಜೀಮನಿಗೆ ಕೆಟ್ಟ ಮನಸ್ಸಿರಲಿಲ್ಲ. ಆ ಸಾಲೆಗೆ ಅವನು ಬರೆದದ್ದೆಲ್ಲ ಸತ್ತವರ ಹೆಸರೇ. ಕೈ ತನ್ನ ರೂಢಿಯ ದಾರಿ ಹಿಡಿದಿತ್ತು, ಹೆಡ್ಮಾಸ್ತರರ ಕಣ್ಣೂ ರೂಢಿಯಂತೆ ಹೆಸರನ್ನಷ್ಟೇ ನೋಡಿ ಮುಂದೆ ಸರಿದಿತ್ತು. ಇದೆಲ್ಲ ಹೀರಾಬಾಯಿಗೂ ಹೊಳೆಯಿತು. ಆದರೂ ಬೆರಳನ್ನು ಥಟ್ಟನೆ ಹಿಂದೆಗೆದುಕೊಂಡಳು. ಹಿಂದೆ ಗೂಡುಗಳಲ್ಲಿ ಕೂತವರೆಲ್ಲ ಗೋಡೆಯ ಕಡೆ ಮುಖ ಮಾಡಿಕೊಂಡೇ ಕಿವಿಗೊಟ್ಟು ಕೇಳುತ್ತಿದ್ದಾರೆ ಎನಿಸಿತು. ಕಿಂಡಿಯ ಕೆಳಗಿನ ಒಂದು ಗೂಡು ಮಾತ್ರ ಖಾಲಿ ಇತ್ತು.

ಹೆಡ್ಮಾಸ್ತರರಿಗೆ ಹೇಳಿದರೆ ನಗುತ್ತಾರೆ, ನಕ್ಕು ಕೆರೆಸುತ್ತಾರೆ. ಬಿಟ್ಟರೆ ತಾನು ಇವರ ಸಾಲಿಗೆ ಸೇರಿದ ಹಾಗೆ. ಧೈರ್ಯ ಮಾಡಿ ಕೀಲಿಯ ತುದಿಯನ್ನು 'ದಿ' ಮೇಲೆ ಒತ್ತಿದಳು. ಬಾಕ್ಸಿನ ಒಳಗಿಂದ ಕರ್ ಎಂದು ಒಂದು ಸದ್ದು ಬಂತು, ಮಾತಿಗೆ ಮುಂಚೆ ಯಾರೋ ಗಂಟಲು ಸರಿಮಾಡಿಕೊಂಡಂತೆ. ವೈರು ಎಲ್ಲಿಗೂ ಸಿಕ್ಕಿಸಿರಲಿಲ್ಲ. ಹೊಸ ಸೆಟ್ಟಿನ ಹೊಟ್ಟೆಯಲ್ಲಿ ಬ್ಯಾಟರಿ ಇರುತ್ತದೆಂದೂ ಅಂಗಡಿಯವರು ಸ್ವಿಚ್ ಬಂದ್ ಮಾಡಿರಲಿಕ್ಕಿಲ್ಲವೆಂದೂ ನಾವು ನೀವು ಹೇಳಬಹುದು. ಅವಳು ಕೀಲಿ ಹಿಂದಕ್ಕೆಳೆದುಕೊಂಡು, ಶಾಲು ಮತ್ತೆ ಹೊದಿಸಿ ಹೊರಗೆ ಬಂದಳು. ಎರಡೂ ಕೀಲಿ ಹಾಕಿದಳು.

ಮರುದಿನ ಅಜೀಮನ ಮನೆಗೆ ಹೋದಳು. ಅವನು ಪೇಂಟಿನ ಜೊತೆಗೆ ಆಟೋದಲ್ಲಿ ಕೂತು ಊರೂರಿಗೆ ಸಾರುವ ಕೆಲಸವನ್ನೂ ಮಾಡುತ್ತಿದ್ದ. ಸಂತೆಯ ಸುದ್ದಿ, ಪೋಲಿಯೊ ಹನಿಯ ಸುದ್ದಿ, ಎಲ್ಲವೂ ಅವನ ಬಾಯಿಂದಲೇ. ಮನೆ ನಡೆಯುತ್ತಿದ್ದದ್ದೂ ಹೆಚ್ಚಾಗಿ ಆ ದನಿಯಿಂದಲೇ. ವಿಷಯ ಕೇಳಿದ್ದೇ ಕಿವಿ ಹಿಡಿದುಕೊಂಡ.

"ತೋಬಾ ತೋಬಾ! ಹೀರಾಕ್ಕಾ, ನನ್ನ ಕೈ ಮುರೀಲಿ. ಈಗೇ ಬರ್ತೇನಿ, ಥಿನ್ನರ್ ಹಚ್ಚಿ ಒರಸಿಬಿಡ್ತೇನಿ."

"ಹುಲೆಪ್ಪಂದು ಏನಾತು ಗೊತ್ತದಿಲ್ಲೋ?"

ಅಜೀಮ ಕಿವಿ ಬಿಟ್ಟು ಕೈ ಇಳಿಸಿದ. ಆಮೇಲೆ ನಿಧಾನವಾಗಿ, "ನನ್ನ ತಪ್ಪದ. ಆದದ್ದು ನನಗೇ ಆಗ್ಲಿ" ಎಂದ. ಒಳಗೆ ಅವನ ಮಗಳು ಮಸರತ ಅಪ್ಪನಂತೆಯೇ ಮೂಗಿನಿಂದ ರಾಗ ಎಳೆದು ಸಂತೆ ಸಾರುವ ಆಟ ಆಡುತ್ತಿದ್ದಳು. ಹೀರಾಬಾಯಿ ಅದನ್ನು ಕೇಳಿಸಿಕೊಂಡಳು.

"ಬ್ಯಾಡ. ನೀ ಕೈ ಹಚ್ಚಿದ್ರ ನನ್ನಾಣಿ ಅದ. ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದು ಎದ್ದಳು. ದಾರಿಯುದ್ದಕ್ಕೂ ಅವಳಿಗೆ ಅಳು ಒತ್ತಿಕೊಂಡು ಬರುತ್ತಿತ್ತು. ಸಾಯುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ. ಇನ್ನೂ ಏನನ್ನೂ ನೋಡಿಲ್ಲ ಎನ್ನಿಸುತ್ತಿತ್ತು.

ಬೀಳ್ಕೊಡುವ ದಿನ ಊರೆಲ್ಲ ಸೇರಿತು. ಹೀರಾಬಾಯಿಯನ್ನು ವೇದಿಕೆಯ ಮೇಲೆ ದೊಡ್ಡವರ ನಡುವೆ ಕೂಡಿಸಿದರು. ಬಾಕ್ಸನ್ನು ಅಂಗಳದ ಆ ತುದಿಗೆ, ಹೆಂಗಸರು ಕೂತ ಕಡೆಗೆ ಇಟ್ಟಿದ್ದರು. ದೌಲತರಾಯ ಹೋಗಿ ಶಾಲು ಎಳೆದ. ಚಪ್ಪಾಳೆ ಶುರುವಾಗಿ ಅರ್ಧಕ್ಕೆ ನಿಂತಿತು. ಮುಂದೆ ಕೂತ ಹುಡುಗಿಯೊಬ್ಬಳು ಸಾಲೆಯ ಪಾಠದಂತೆ ಗಟ್ಟಿಯಾಗಿ ಓದಿಯೇಬಿಟ್ಟಳು. ಒಂದಿಬ್ಬರು ಮೊಬೈಲಿನಲ್ಲಿ ಫೋಟೊ ತೆಗೆದರು.

"ಏ ಅಜೀಮಾ! ಕಣ್ಣ ಹೋಗಿದ್ವೇನಲೇ?" ದೌಲತರಾಯನ ಮುಖ ಕೆಂಪಾಗಿತ್ತು. "ಅಳಸ ಮೊದಲ! ಕೆರದ ಒಗಿ!"

ಅಜೀಮ ಸಿದ್ಧನಾಗಿಯೇ ಬಂದಿದ್ದ. ಥಿನ್ನರಿನ ಶೀಸೆ, ಅರಿವೆ ತೆಗೆದು ಬಾಕ್ಸಿನ ಮುಂದೆ ಮೊಣಕಾಲೂರಿದ. ಹೀರಾಬಾಯಿ ಎದ್ದು ನಿಂತಳು. ಕೂಗಿದರೆ ಅಷ್ಟು ದೂರಕ್ಕೆ ಕೇಳುವಂತಿರಲಿಲ್ಲ. ಮೇಜಿನ ಮೇಲೆ ಹೊಸ ಮೈಕಿತ್ತು. ಇಷ್ಟು ವರ್ಷ ಮೈಕುಗಳನ್ನು ಎತ್ತಿ ಇಳಿಸಿ ಒರೆಸಿದವಳು ಒಂದರಲ್ಲೂ ಒಂದು ಸಲವೂ ಮಾತಾಡಿರಲಿಲ್ಲ. ಈಗ ಎತ್ತಿಕೊಂಡಳು.

"ಅಜೀಮ, ಕೈ ಹಚ್ಚಬ್ಯಾಡ."

ದನಿ ಬಾಕ್ಸಿನಿಂದ ಬಂತು. ಅಜೀಮನ ಮುಖದೆದುರಿಗೆ, ಆ ಬಿಳಿ ಅಕ್ಷರಗಳ ಹಿಂದಿನಿಂದ ಬಂತು. ಅವನು ಶೀಸೆ ಚೆಲ್ಲಿ ಹಿಂದಕ್ಕೆ ಬಿದ್ದ.

ಬಾಕ್ಸಿನ ಪಕ್ಕದಲ್ಲೇ ನಿಂಬೆವ್ವನ ಸೊಸೆ ವಿದ್ಯಾವತಿ ಕೂತಿದ್ದಳು. ಸಾಲೆಯ ಬಿಸಿಯೂಟದ ಅಡುಗೆ ಅವಳದು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಾಡಿಕೊಂಡು ಅಳಲು ಮೊದಲು ಕರೆಯುವುದು ಅವಳನ್ನೇ. ನೀರಿನ ಕೊಡದ ಸಲುವಾಗಿ ಹೀರಾಬಾಯಿಯ ಜೊತೆ ಜಗಳಾಡಿ ಅವಳು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಸತ್ತವಳೆಂದು ಬರೆದ ಹೆಸರು, ಅದರೊಳಗಿಂದ ಅವಳದೇ ದನಿ. ವಿದ್ಯಾವತಿಯ ಎದೆ ಒಡೆಯಿತು. ಸೆರಗು ಮುಖಕ್ಕೆ ಹಿಡಿದು ರಾಗ ಎತ್ತಿದಳು.

"ಕೀಲಿ ಕಟ್ಕೊಂಡ ನಡದ್ಯೇನ ನನ ಹಡದವ್ವ... ಹಸದ ಕೂಸಿಗಿ ನಿನ್ನ ಬುತ್ತಿ ಬಿಚ್ಚಿ ಕೊಟ್ಯಲ್ಲ ನನ ಹಡದವ್ವ..."

ಒಬ್ಬಳು ಎತ್ತಿದ ಮೇಲೆ ಉಳಿದ ಹೆಂಗಸರು ಸುಮ್ಮನಿರುವುದು ಆ ಕಡೆಯ ರೀತಿಯಲ್ಲ. ಇನ್ನೊಬ್ಬಳು ಸೇರಿದಳು, ಮತ್ತೊಬ್ಬಳು ಸೇರಿದಳು. ಹೀರಾಬಾಯಿ ಮೈಕು ಹಿಡಿದು ನಿಂತು ತನ್ನ ಶೋಕವನ್ನು ಕೇಳಿದಳು. ಹಸಿದು ಬಂದ ಮಕ್ಕಳಿಗೆ ತಾನು ಗುಟ್ಟಾಗಿ ಬುತ್ತಿ ಕೊಡುತ್ತಿದ್ದ ವಿಷಯ ವಿದ್ಯಾವತಿಗೆ ಗೊತ್ತಿತ್ತೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಬದುಕಿದ್ದಾಗ ಒಬ್ಬರೂ ಇಷ್ಟು ಚಂದದ ಮಾತು ಆಡಿರಲಿಲ್ಲ. ಒಂದು ಗಳಿಗೆ ಅವಳಿಗೆ ಸುಖವೇ ಆಯಿತು. ಆಮೇಲೆ ಅವರು ನಿಜವಾಗಿ ಅಳುತ್ತಿದ್ದಾರೆ ಎಂಬುದು ಕಂಡು ಅಂಜಿಕೆ ಹತ್ತಿತು.

"ಏ ವಿದ್ಯಾ! ನಾ ಇಲ್ಲೇ ಅದೀನಬೇ! ಇಲ್ಲೇ ಅದೀನಿ!"

ಅದೂ ಬಾಕ್ಸಿನಿಂದಲೇ ಬಂತು. ಅಳು ದುಪ್ಪಟ್ಟಾಯಿತು. ವೇದಿಕೆಯ ಕಡೆ ಒಬ್ಬ ಹೆಂಗಸೂ ತಿರುಗಿ ನೋಡಲಿಲ್ಲ. ಬಾಕ್ಸಿಗೇ ಕೈಮುಗಿಯುತ್ತಿದ್ದರು, ಬಾಕ್ಸನ್ನೇ ಸವರುತ್ತಿದ್ದರು. ಅವಳು ಬದುಕಿದ್ದೇನೆಂದು ಹೇಳಿದಷ್ಟೂ ಸತ್ತಳು. ಕೊನೆಗೆ ಸ್ವಿಚ್ ಬಂದ್ ಮಾಡಿ ಮೈಕನ್ನು ಮೇಜಿನ ಮೇಲಿಟ್ಟಳು.

ಅಳು ತಾನಾಗಿ ಇಳಿದ ಮೇಲೆ ಜನ ಒಬ್ಬರ ಮುಖ ಒಬ್ಬರು ನೋಡದೆ ಕರಗಿದರು. ದೌಲತರಾಯ ಹೇಳದೆ ಕೇಳದೆ ಕಾರು ಹತ್ತಿದ. ಹೀರಾಬಾಯಿ ಬಾಕ್ಸನ್ನು ತಾನೇ ಉರುಳಿಸಿಕೊಂಡು ಕೋಣೆಗೆ ಹೋದಳು. ಹಿಂದೆ ಬಂದ ಅಮರನಾಥರು ಹೊಸ್ತಿಲಲ್ಲೇ ನಿಂತರು.

"ಇರ್ಲಿ ಬಿಡ್ರಿ, ನಾಳಿಗಿ ನಾನೇ ಬ್ಯಾರೆ ಬರಸ್ತೇನಿ" ಎಂದರು. ಅವರ ದನಿಯಲ್ಲೂ ನಗು ಇರಲಿಲ್ಲ.

"ಬ್ಯಾಡ್ರಿ ಸರ. ಅತ್ತಾರ. ಅತ್ತ ಮ್ಯಾಲ ಮುಗೀತು." ಎದೆಗವಚಿ ಬಾಕ್ಸನ್ನು ಎತ್ತಿ ಕಿಂಡಿಯ ಕೆಳಗಿನ ಗೂಡಿನಲ್ಲಿ ಕೂಡಿಸಿದಳು. ಬಾಯನ್ನು ಗೋಡೆಯ ಕಡೆ ತಿರುಗಿಸಿದಳು. ಮೈಕಿಗೆ ಅರಿವೆ ಕಟ್ಟಿ ಪಕ್ಕದಲ್ಲಿಟ್ಟಳು. ಎರಡೂ ಕೀಲಿ ಹಾಕಿ ಗೊಂಚಲನ್ನು ಹೆಡ್ಮಾಸ್ತರರ ಕೈಗೆ ಕೊಟ್ಟಳು. ಅವರು ಅದನ್ನು ಅವಳ ಬೆರಳು ತಾಗದಂತೆ ತೆಗೆದುಕೊಂಡರು.

ಓಣಿಯಲ್ಲಿ ಎದುರಾದವರು ಗೋಡೆಗೆ ಸರಿದು ದಾರಿ ಬಿಟ್ಟರು. ಚಪ್ಪಲಿ ಕಳಚಿ ನಿಂತವರೂ ಇದ್ದರು. ನಡುವೆ ಫೋನು ಗಣಗಣಿಸಿತು. ಅಫಜಲಪುರದಿಂದ ಅಕ್ಕನ ಮಗಳು ಊರಿಗೆ ಬರಲು ಬಸ್ಸು ಹಿಡಿಯುವ ಗಡಿಬಿಡಿಯಲ್ಲಿದ್ದಳು. ಫೋಟೊ ಅಷ್ಟರಲ್ಲಿ ಅಲ್ಲಿಗೂ ಮುಟ್ಟಿತ್ತು. "ಯಾರ್ರಿ ಮಾತಾಡಾಕತ್ತೀರಿ? ಸಣ್ಣವ್ವನ ಮಣ್ಣ ಎಷ್ಟ ಹೊತ್ತಿಗದ್ರಿ?" ಎಂದು ಅಳುತ್ತ ಕೇಳಿದಳು. ಹೀರಾಬಾಯಿ, "ನಾನೇ ಅದೀನವ್ವ" ಎಂದಳು. ಆ ಕಡೆಯಿಂದ ಚಿಟ್ಟನೆ ಚೀರಿದ ಸದ್ದು, ಆಮೇಲೆ ಫೋನು ಕಟ್ಟಾಯಿತು.

ಶರಣರಿಗೆ ಸೂತಕವಿಲ್ಲ ಎಂದು ಮಠದ ಸ್ವಾಮಿಗಳು ಎಷ್ಟು ಹೇಳಿದರೂ ಆ ಓಣಿಯವರು ಮಣ್ಣಿಗೆ ಹೋಗಿ ಬಂದರೆ ಮೈ ತೊಳೆಯದೆ ಒಳಗೆ ಕಾಲಿಡುವುದಿಲ್ಲ. ಹೀರಾಬಾಯಿ ತನ್ನ ಮನೆಯ ಕಟ್ಟೆಯ ಹತ್ತಿರ ನಿಂತಳು. ಬಾಗಿಲಿಗೆ ಕೈ ಹಚ್ಚಲಿಲ್ಲ. ಪಕ್ಕದ ಮನೆಯ ಜೈತುನಬಿ ಮೊಣಕಾಲು ನೋವೆಂದು ಸಾಲೆಗೆ ಬಂದಿರಲಿಲ್ಲ.

"ಜೈತುನಾ, ಒಂದ ಕೊಡ ನೀರ ತಗೊಂಡ ಬಾರಬೇ. ತಲಿ ಮ್ಯಾಲ ಹಾಕು."

ಜೈತುನಬಿ ಕುಂಟುತ್ತ ಕೊಡ ಹೊತ್ತು ಬಂದಳು. "ಯಾ ಅಲ್ಲಾ, ಸಾಲಿ ಕಡಿಂದ ಅಳೂದು ಕೇಳ್ಸ್ತು. ಯಾರ ಹೋದ್ರಬೇ ಹೀರಾ?"

"ಮೈಕಿನ ಕ್ವಾಣಿ ಕಾಯಾಕಿ ಒಬ್ಬಾಕಿ ಇದ್ಲಲ್ಲ, ಆಕಿ" ಎಂದು ಹೀರಾಬಾಯಿ ಕೂದಲು ಬಿಚ್ಚಿ ತಲೆ ಬಾಗಿಸಿದಳು. "ಜಲ್ದಿ ಹಾಕಬೇ. ಹೊಟ್ಟಿ ಭಾಳ ಹಸದದ."