ಸೂಜಿ ಮಾಮನ ಔಷಧಿಗೆ ಬೀಗ

ನಮ್ಮ ಭಾವನನ್ನು ಬೀದಿಯ ಮಕ್ಕಳೆಲ್ಲ ಸೂಜಿ ಮಾಮ ಅಂತ ಕರೆಯುತ್ತಿದ್ದರು. ಭಾವ ಅಂದರೆ ನನ್ನ ಅಕ್ಕನ ಗಂಡ, ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಂಪೌಂಡರು. ಡಾಕ್ಟರುಗಳು ಬಂದರು, ವರ್ಗವಾಗಿ ಹೋದರು. ಫಿನಾಯಿಲ್ ವಾಸನೆ ಮಾತ್ರ ಅಲ್ಲೇ ಉಳಿಯಿತು, ಅದರ ಜೊತೆ ನಮ್ಮ ಭಾವನೂ ಉಳಿದರು. ನಾಯಿ ಬೆಕ್ಕುಗಳಿಗೆ ಲಸಿಕೆ ಹಾಕುವವರೂ ಅವರೇ, ಇನ್ನು ಬದುಕಲಾರದೆ ನರಳುವ ಪ್ರಾಣಿಗೆ ಡಾಕ್ಟರು ಹೇಳಿದ ಮೇಲೆ ಕೊನೆಯ ಸೂಜಿ ಹಾಕುವವರೂ ಅವರೇ. ಈ ಎರಡನೆಯ ಕೆಲಸದಿಂದಲೇ ಅವರಿಗೆ ಆ ಹೆಸರು ಬಂದದ್ದು. ಕೊನೆಗಾಲದಲ್ಲಿ ಫಜೀತಿ ಬಂದದ್ದೂ ಅದರಿಂದಲೇ.

ಅವರನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ಕೂತಿಲ್ಲ. ಇಸ್ಪೀಟಿನಲ್ಲಿ ರಾಜಾರೋಷವಾಗಿ ಮೋಸ ಮಾಡುತ್ತಿದ್ದರು, ಕೈಗೆ ಸಿಕ್ಕಿಬಿದ್ದರೆ "ಕಣ್ಣು ಮಂಜು ಕಣೇ" ಅನ್ನುತ್ತಿದ್ದರು. ಅಕ್ಕ ಹೊಸ ಬಟ್ಟೆ ಹಾಕಿಕೊಂಡು ಎದುರಿಗೆ ಸುಳಿದಾಡಿದರೆ ಒಂದು ವಾರದ ಮೇಲೆ "ಹೊಸದಾ?" ಅಂತ ಕೇಳುವ ಜಾತಿ. ನನಗೆ ಮದುವೆಮನೆಯಲ್ಲೇ ಬಜಾರಿ ಅಂತ ಹೆಸರಿಟ್ಟರು, ನನಗೆ ಮೊಮ್ಮಕ್ಕಳಾದ ಮೇಲೂ ನಡುಬೀದಿಯಲ್ಲಿ "ಏ ಬಜಾರಿ!" ಅಂತಲೇ ಕೂಗುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ ಬಿಡಿ, ಆ ಹೆಸರಿಗೆ ಮೋಸ ಮಾಡಿಲ್ಲ.

ಕೆಲಸದಲ್ಲಿ ಮಾತ್ರ ಅವರದೊಂದು ಹಟವಿತ್ತು. ಕೊನೆಯ ಸೂಜಿಗೆ ಪ್ರಾಣಿಯನ್ನು ತಂದವರು ಅದರ ತಲೆ ಹಿಡಿದುಕೊಂಡು ಮುಗಿಯುವವರೆಗೂ ನಿಲ್ಲಬೇಕು. ಜನ ಮೂಗು ಸೊರಗುಟ್ಟಿಸುತ್ತಾ ಬರುತ್ತಿದ್ದರು. ನಾಯಿಯನ್ನು ಮೇಜಿನ ಮೇಲೆ ಮಲಗಿಸಿದ ಕೂಡಲೇ ಮುಖ ಬಾಗಿಲ ಕಡೆ. "ನಮ್ಮ ಕೈಲಿ ನೋಡಕ್ಕಾಗಲ್ಲ ಕಣ್ರೀ" ಅನ್ನುವುದು. "ನೋಡಕ್ಕಾಗಲ್ಲ ಅಂದ್ರೆ ವಾಪಸ್ ಕರ್ಕೊಂಡು ಹೋಗಿ. ಅದು ಕೊನೇ ಗಳಿಗೇಲಿ ನನ್ನ ಮೂತಿ ಯಾಕೆ ನೋಡ್ಬೇಕು? ನಾನೇನು ಅದಕ್ಕೆ ಊಟ ಹಾಕಿ ಸಾಕಿದ್ನಾ?" ಅಂತ ಭಾವ ಗದರುತ್ತಿದ್ದರು. ಬೈಸಿಕೊಂಡವರು ನಿಲ್ಲುತ್ತಿದ್ದರು, ಹೊರಗೆ ಬಂದ ಮೇಲೆ ಇವರನ್ನು ಕಟುಕ ಅನ್ನುತ್ತಿದ್ದರು.

ಒಡಹುಟ್ಟಿದ ಅಣ್ಣನಿಗೂ ಅಲ್ಲಿ ರಿಯಾಯಿತಿ ಇರಲಿಲ್ಲ. ಅಣ್ಣ ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಮನೆಮಂದಿಗೆಲ್ಲ ಮೇಷ್ಟ್ರು. ಅವರ ಮುದಿ ನಾಯಿ ಹೊಸ ಜಮಖಾನದ ಮೇಲೆ ಉಚ್ಚೆ ಹೊಯ್ಯತೊಡಗಿದಾಗ ಅವರ ಕರುಳು ಚುರ್ ಅಂದಿತು. ನಾಯಿಯನ್ನು ಎತ್ತಿಕೊಂಡು ಬಂದು, "ಪಾಪ, ತುಂಬಾ ಸಂಕಟ ಪಡ್ತಿದೆ ಕಣೋ, ಮುಕ್ತಿ ಕೊಡ್ಸು" ಅಂದರು. ಭಾವ ಅದರ ಹೊಟ್ಟೆ ಒತ್ತಿ, ಹಲ್ಲು ನೋಡಿ, "ಸಂಕಟ ಇದಕ್ಕಲ್ಲಣ್ಣ, ನಿನ್ನ ಜಮಖಾನಕ್ಕೆ" ಅಂದು ನಾಯಿಯನ್ನು ತಮ್ಮ ಮನೆಗೆ ಕರೆತಂದರು. ಅದು ವರ್ಷಗಟ್ಟಲೆ ಅವರ ಮಂಚದ ಕೆಳಗೆ ಆರಾಮಾಗಿ ಬಿದ್ದುಕೊಂಡು, ಆಮೇಲೆ ತನ್ನ ಪಾಡಿಗೆ ತಾನು ಸತ್ತಿತು. ಮೇಷ್ಟ್ರು ಆ ಮಾತನ್ನು ಮರೆತಿದ್ದಾರೆ ಅಂತ ನಾನೇನೂ ನಂಬಿಲ್ಲ.

ಇಂಥ ಭಾವನಿಗೆ ಬೆನ್ನುನೋವು ಬಂತು. ಎಣ್ಣೆ ತಿಕ್ಕಿದ್ದಾಯಿತು, ಶಾಖ ಕೊಟ್ಟಿದ್ದಾಯಿತು, ಹಲಗೆಯ ಮೇಲೆ ಮಲಗಿದ್ದಾಯಿತು. ಕೊನೆಗೆ ಪರೀಕ್ಷೆ ಮಾಡಿಸಿದರೆ ಕ್ಯಾನ್ಸರು, ಅದೂ ಮೂಳೆಗೆ ಇಳಿದು ಕೂತಿದೆ. ಡಾಕ್ಟರಮ್ಮ ಸುತ್ತಿ ಬಳಸದೆ, ಇನ್ನು ವಾಸಿ ಮಾಡುವುದು ತಮ್ಮ ಕೈಲಿಲ್ಲ ಅಂತ ಹೇಳಿದರು. ಭಾವ ಹೇಳಿದರು: "ಸರಿ. ನಳಿಕೆ ಗಿಳಿಕೆ ಏನೂ ಬೇಡ, ಯಂತ್ರಕ್ಕೆ ಕಟ್ಟಿಹಾಕ್ಬೇಡಿ. ಮನೇಲಿರ್ತೀನಿ. ನೋವಿಗೆ ಮಾತ್ರ ಏನಾದ್ರೂ ಕೊಡಿ ತಾಯಿ, ಇದನ್ನ ತಡ್ಕೊಳೋ ಶಕ್ತಿ ನನಗಿಲ್ಲ." ಡಾಕ್ಟರಮ್ಮ ಮಾರ್ಫಿನ್ ಔಷಧಿ ಬರೆದುಕೊಟ್ಟರು. "ನಾಲ್ಕು ಗಂಟೆಗೊಂದು ಸಲ ಕೊಡ್ತಾನೇ ಇರಿ, ನೋವು ಬರ್ಲಿ ಅಂತ ಕಾಯ್ಬೇಡಿ" ಅಂತ ಅಕ್ಕನಿಗೆ ಎರಡೆರಡು ಸಲ ಹೇಳಿದರು.

ಮಾರ್ಫಿನ್ ಅಂದದ್ದೇ ತಡ, ಮನೆಯಲ್ಲಿ ಸಭೆ ಸೇರಿತು. ಮೇಷ್ಟ್ರು ಬಂದರು. ಅಕ್ಕನ ಮಗ ಬಂದ. ಅವನು ವಕೀಲ, ಕೇಸು ಗೆದ್ದದ್ದನ್ನು ನಾನು ನೋಡಿಲ್ಲ, ಕೋಟು ಮಾತ್ರ ಗರಿಗರಿಯಾಗಿರುತ್ತದೆ. ಅವರ ತಲೆಗೆ ಹೊಕ್ಕಿದ್ದು ಒಂದೇ ಹುಳ: ಈ ಮನುಷ್ಯ ಎಷ್ಟೋ ಪ್ರಾಣಿಗಳನ್ನು ಕಳಿಸಿಕೊಟ್ಟವನು, ಯಾವುದು ಎಷ್ಟಾದರೆ ಏನಾಗುತ್ತದೆ ಅಂತ ಬಲ್ಲವನು, ಬಾಟಲಿ ಕೈಗೆ ಸಿಕ್ಕರೆ ಒಂದೇ ಸಲ ಗಟಗಟ ಕುಡಿದು ತನಗೆ ತಾನೇ ಕೊನೆಯ ಸೂಜಿ ಹಾಕಿಕೊಂಡಂತೆ ಮಾಡಿಬಿಡುತ್ತಾನೆ.

"ಆತ್ಮಹತ್ಯೆಗೆ ನೆರವು ಕೊಟ್ಟ ಹಾಗಾಗುತ್ತಮ್ಮ. ಬಾಟಲಿ ಕೊಟ್ಟೋರು, ತಂದೋರು, ನೋಡ್ತಾ ನಿಂತೋರು, ಎಲ್ರೂ ಒಳಗೆ" ಅಂದ ವಕೀಲ.

"ಮತ್ತೆ ನಳಿಕೆ ಬೇಡ ಅಂದ್ರಲ್ಲ ನಿಮ್ಮಪ್ಪ, ಅದು?" ಅಂತ ನಾನು ಕೇಳಿದೆ.

"ಅದು ಬೇರೆ ಚಿಕ್ಕಮ್ಮ. ಚಿಕಿತ್ಸೆ ಬೇಡ ಅನ್ನೋ ಹಕ್ಕು ರೋಗಿಗಿದೆ. ಯಂತ್ರ ತೆಗೆದ್ರೂ ನಡಿಯುತ್ತೆ, ಅದಕ್ಕೆ ಒಂದು ಕ್ರಮ ಇದೆ. ಸಾಯ್ಲಿ ಅಂತ ಸೂಜಿ ಚುಚ್ಚಿದ್ರೆ ಕೊಲೆ."

"ನೋವಲ್ಲಿ ಒದ್ದಾಡೋಕೆ ಬಿಟ್ರೆ?"

"ಅದಕ್ಕೆ... ಅದಕ್ಕೆ ಅಂಥ ಕಲಂ ಏನೂ ಇಲ್ಲ" ಅಂದ. ಅಂದರೆ ಅದೊಂದನ್ನು ಧಾರಾಳವಾಗಿ ಮಾಡಬಹುದು. ನಮ್ಮ ಮನೆಯವರು ಕಾನೂನಿಗೆ ತಲೆಬಾಗುವ ಜನ, ಅದನ್ನೇ ಮಾಡಿದರು.

ಮೇಷ್ಟ್ರು ಕಣ್ಣುಮುಚ್ಚಿ, "ಈ ದೇಹ ನಮ್ಮ ಸ್ವಂತದ್ದಲ್ಲ, ಬಾಡಿಗೆಗೆ ಬಂದದ್ದು. ಬಿಡು ಅನ್ನೋವರೆಗೆ ಬಿಡೋ ಹಾಗಿಲ್ಲ" ಅಂದರು. "ಬಾಡಿಗೆ ಮನೆ ಸೂರು ಸೋರಿದ್ರೆ ಪಾತ್ರೆ ಇಡೋ ಹಾಗೂ ಇಲ್ವಾ ಮೇಷ್ಟ್ರೇ?" ಅಂದೆ. ಹೆಂಗಸರ ಜೊತೆ ತತ್ವಶಾಸ್ತ್ರ ಮಾತಾಡಬಾರದು ಅನ್ನುವ ಹಾಗೆ ನನ್ನ ಕಡೆ ನೋಡಿದರು.  ಅಕ್ಕನಿಗೆ ಕಲಮೂ ಬೇಡ, ತತ್ವವೂ ಬೇಡ. ಗಂಡ ಬಿಟ್ಟು ಹೋಗಿಬಿಟ್ಟರೆ ಅನ್ನುವ ಹೆದರಿಕೆಯೊಂದೇ. ಬಾಟಲಿ ಭಾವ ಮಲಗಿದ್ದ ಕೋಣೆಯ ಬೀರು ಸೇರಿತು, ಬೀರುವಿನ ಕೀ ದಾರದಲ್ಲಿ ಅಕ್ಕನ ಕೊರಳು ಸೇರಿತು. ಡಾಕ್ಟರಮ್ಮ ಹೇಳಿದ್ದರಲ್ಲಿ ಅರ್ಧ, ಅದೂ ತಡೆಯಲಾರೆ ಅಂದಾಗ ಮಾತ್ರ, ಅದೂ ವಕೀಲ ಮಗನಿಗೆ ಫೋನು ಮಾಡಿ ಅಪ್ಪಣೆ ಪಡೆದ ಮೇಲೆ ಅಂತ ತೀರ್ಮಾನವಾಯಿತು. ಡಾಕ್ಟರಮ್ಮನಿಗೆ ಹೇಳುವುದು ಬೇಡ, ಸುಮ್ಮನೆ ಬೈತಾರೆ ಅಂತಲೂ ಆಯಿತು.

ಅಲ್ಲಿಗೆ ಮುಗಿಯಿತೇ? ಕ್ಷೌರದ ಬ್ಲೇಡು ಮಾಯವಾಯಿತು. ತರಕಾರಿ ಹೆಚ್ಚುವ ಚಾಕು ಎದುರು ಮನೆಗೆ ಹೋಯಿತು, ಅಕ್ಕ ದಿನಾ ಬೆಳಿಗ್ಗೆ ತರಕಾರಿ ಬುಟ್ಟಿ ಹಿಡಿದುಕೊಂಡು ಬೀದಿ ದಾಟಿ ಹೆಚ್ಚಿಕೊಂಡು ಬರುತ್ತಿದ್ದಳು. ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ವಕೀಲ ಬಿಚ್ಚಿ ಸುತ್ತಿಟ್ಟ. ಒದ್ದೆ ಬಟ್ಟೆಗಳೆಲ್ಲ ಕುರ್ಚಿಗಳ ಮೇಲೆ, ಬಂದವರಿಗೆ ಕೂರಲು ಜಾಗವಿಲ್ಲ. ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಆ ಮನುಷ್ಯನಿಗೆ ಮಗ್ಗುಲು ಬದಲಿಸಲು ಇಬ್ಬರು ಬೇಕು. ಅವನು ಎದ್ದು, ಹಿತ್ತಿಲಿಗೆ ನಡೆದು, ಹಗ್ಗ ಬಿಚ್ಚಿ, ಸ್ಟೂಲು ಹತ್ತುವ ಹಾಗಿದ್ದರೆ ನಾವು ಊರಿಗೆಲ್ಲ ಸಿಹಿ ಹಂಚುತ್ತಿದ್ದೆವು.

ಭಾವ ಮೊದಮೊದಲು ನಕ್ಕರು. "ಬಜಾರಿ, ನಾನು ಯಾವತ್ತು ಸಾಯ್ತೀನಿ ಅಂದೆ? ಹಾಗೆ ಅನ್ಸಿದ ದಿನ ಬಾಯ್ಬಿಟ್ಟು ಕೇಳ್ತೀನಿ, ನನಗೇನು ನಾಚಿಕೆ? ಕೊಡ್ತೀರೋ ಬಿಡ್ತೀರೋ ಆಮೇಲಿನ ಮಾತು. ಈಗ ನಾನು ಕೇಳಿದ್ದು ನೋವಿಗೆ ಔಷಧಿ" ಅಂದರು. ಇದನ್ನೇ ಮಗನಿಗೂ ಹೇಳಿದರು, ಅಣ್ಣನಿಗೂ ಹೇಳಿದರು. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ನೋಡಿದ್ರಾ, ಎಷ್ಟು ಜಾಣತನದಿಂದ ಕೇಳ್ತಾರೆ" ಅಂದರು. ಆಮೇಲಾಮೇಲೆ ನಗುವುದೂ ನಿಂತಿತು. ತುಟಿ ಕಚ್ಚಿ ಕಚ್ಚಿ ಗಾಯ ಮಾಡಿಕೊಂಡರು. ಒಂದು ದಿನ ಅಕ್ಕನ ಕೈ ಹಿಡಿದುಕೊಂಡು, "ನಿನ್ನ ಕಾಲು ಹಿಡೀತೀನಿ ಕಣೇ" ಅಂದರು. ನಾನು ಆ ಮನೆಯಲ್ಲಿ ಅಂಥ ಮಾತು ಕೇಳಿದ್ದೇ ಇಲ್ಲ. ಅಕ್ಕ ಅಳುತ್ತಾ ಮಗನಿಗೆ ಫೋನು ಮಾಡಿದಳು, ಕೋರ್ಟಿನಲ್ಲಿದ್ದಾನೆ ಅಂತ ಉತ್ತರ ಬಂತು. ನಾನು ಬೈದೆ, ಬೇಡಿದೆ, ಅಕ್ಕ ಕೊರಳನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತಳು.

ಈ ನಡುವೆ ಮೇಷ್ಟ್ರಿಗೆ ಒಂದು ವಿಚಾರ ಹೊಳೆಯಿತು. ಅವರ ಹಿರಿಯರ ಸಂಘದಲ್ಲಿ ತಿಂಗಳಿಗೊಂದು ಚರ್ಚೆ ನಡೆಯುತ್ತದೆ. ಈ ತಿಂಗಳ ವಿಷಯ: ದಯಾಮರಣ ಸರಿಯೋ ತಪ್ಪೋ. ಸಂಘದ ಕೋಣೆಗೆ ಸುಣ್ಣ ಹೊಡೆಸುತ್ತಿದ್ದರಂತೆ, ಅದಕ್ಕೆ ಸಭೆಯನ್ನು ತಮ್ಮನ ಮನೆಯ ಹಾಲಿನಲ್ಲೇ ಇಟ್ಟುಕೊಂಡರು. "ಪ್ರತ್ಯಕ್ಷ ಉದಾಹರಣೆ ಒಳಗೇ ಇದೆ" ಅಂತ ಅವರ ಬಾಯಲ್ಲೇ ಬಂತು. ಒದ್ದೆ ಬಟ್ಟೆಗಳನ್ನು ನಾನೇ ಎತ್ತಿ ಕುರ್ಚಿ ಖಾಲಿ ಮಾಡಿಕೊಟ್ಟೆ. ಹಿರಿಯರು ಬಂದರು, ಚಹಾ ಕುಡಿದರು, ಬಿಸ್ಕತ್ತು ಅದ್ದಿಕೊಂಡರು, ಒಬ್ಬೊಬ್ಬರಾಗಿ ಕೋಣೆಯ ಬಾಗಿಲಲ್ಲಿ ಇಣುಕಿ "ಚ್ಚುಚ್ಚು" ಅಂದು ಹೋದರು. ಚರ್ಚೆ ಶುರುವಾಯಿತು, ವಕೀಲನೂ ಬಂದು ಕೂತ. ಒಬ್ಬರು ಜೀವ ಪವಿತ್ರ ಅಂದರು, ಇನ್ನೊಬ್ಬರು ಘನತೆಯ ಸಾವು ಅಂದರು, ಮೂರನೆಯವರು ದಯೆ ಅನ್ನುವುದನ್ನು ಮೊದಲು ವ್ಯಾಖ್ಯಾನಿಸಬೇಕು ಅಂದರು.

ಭಾವ ನನ್ನನ್ನು ಹತ್ತಿರ ಕರೆದು, ಉಸಿರು ಹಿಡಿದುಕೊಂಡು, "ಯಾರು ಗೆಲ್ತಾ ಇದಾರೆ?" ಅಂತ ಕೇಳಿದರು.

"ಡ್ರಾ ಆಗೋ ಹಾಗಿದೆ ಭಾವ."

ಹಾಲಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮರು, "ರೋಗಿಯ ಅಭಿಪ್ರಾಯ ಒಮ್ಮೆ ಕೇಳಬಹುದಲ್ಲ?" ಅಂದರು. "ಬೇಡ, ಅವನು ಪಕ್ಷಪಾತ ಮಾಡ್ತಾನೆ" ಅಂದರು ಮೇಷ್ಟ್ರು.

ಅಷ್ಟರಲ್ಲಿ ಭಾವ ಕೂಗಿಕೊಂಡರು. ಅದು ಮಾತಲ್ಲ, ಬರಿಯ ಕೂಗು. ಬೆನ್ನು ಬಿಲ್ಲಿನ ಹಾಗೆ ಮೇಲೆದ್ದಿತು, ಕೈ ಮಂಚದ ಪಟ್ಟಿಯನ್ನು ಬಡಿಯುತ್ತಿತ್ತು. ಇನ್ನೊಂದು ಕೂಗು, ಮತ್ತೊಂದು. ಹಾಲಿನಲ್ಲಿ ಪವಿತ್ರವೂ ನಿಂತಿತು, ಘನತೆಯೂ ನಿಂತಿತು. ಹಿರಿಯರು ಎದ್ದು ಬೀದಿ ಬಾಗಿಲಿಗೆ ನುಗ್ಗಿದ ರಭಸಕ್ಕೆ ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಿಗೆ ಹೋಯಿತು. "ನನ್ನ ಕೈಲಿ ನೋಡಕ್ಕಾಗಲ್ಲ" ಅಂತ ಮೇಷ್ಟ್ರು ಅಂಗಳಕ್ಕೆ ಇಳಿದರು. ವಕೀಲ ಕೋಣೆಯ ಹೊಸ್ತಿಲ ಮೇಲೆ ನಿಂತು, "ಇನ್ನೂ ಹೊತ್ತಾಗಿಲ್ಲಮ್ಮ, ಈಗಷ್ಟೇ ಕೊಟ್ಟಿದೀವಿ" ಅಂದ. ಕೊಟ್ಟದ್ದು ಬೆಳಿಗ್ಗೆ, ಅದೂ ಅರ್ಧ.

"ಕೀ ಕೊಡಕ್ಕ" ಅಂದೆ.

"ಏನಾದ್ರೂ ಆಗ್ಬಿಟ್ರೆ?"

"ಆಗ್ತಾ ಇರೋದು ಕಣ್ಣಿಗೆ ಕಾಣ್ತಿಲ್ವೇನೇ ನಿನಗೆ!"

ಭಾವನಿಗೆ ಎಲ್ಲಿಂದ ಉಸಿರು ಬಂತೋ. "ನಿನ್ನ ಬಿಟ್ಟು ಓಡಿಹೋಗಕ್ಕಲ್ಲ ಕಣೇ ಕೇಳ್ತಿರೋದು" ಅಂದರು ಅಕ್ಕನಿಗೆ. "ಈ ನೋವಲ್ಲಿ ನೀನು ಯಾರು ಅಂತಾನೇ ಗೊತ್ತಾಗಲ್ಲ ನನಗೆ. ನಿನ್ನ ಮುಖ ಕಾಣಲ್ಲ."

ಅಕ್ಕ ಕೀ ನನ್ನ ಕೈಗೆ ಕೊಡಲಿಲ್ಲ. ದಾರವನ್ನು ತಲೆಯ ಮೇಲಿಂದ ಕಿತ್ತು ತೆಗೆದು ತಾನೇ ಬೀರು ತೆರೆದಳು. ಡಾಕ್ಟರಮ್ಮ ಹೇಳಿದ್ದಷ್ಟನ್ನು, ಹೇಳಿದ ಹಾಗೆ, ಅಳತೆಯ ಲೋಟಕ್ಕೆ ಸುರಿದು ಕುಡಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. ನಾನು ಡಾಕ್ಟರಮ್ಮನಿಗೆ ಫೋನು ಮಾಡಿದೆ. ಹೊತ್ತು ಕಳೆದ ಹಾಗೆ ಭಾವನ ಬೆರಳುಗಳು ಸಡಿಲವಾದವು, ಹಣೆಯ ಗಂಟು ಬಿಚ್ಚಿತು, ಕಣ್ಣು ಮುಚ್ಚಿತು.

ಬಾಗಿಲಲ್ಲಿದ್ದ ವಕೀಲ ಅದನ್ನು ನೋಡಿದ. ಒಳಗೆ ಬಂದು ಅಪ್ಪನ ನಾಡಿ ನೋಡಿದನೇ? ಮೂಗಿನ ಹತ್ತಿರ ಕೈ ಹಿಡಿದನೇ? ಇಲ್ಲ ಮಹಾರಾಯ! ಅಂಗಳಕ್ಕೆ ಓಡಿ ತನ್ನ ಸೀನಿಯರ್ ವಕೀಲರಿಗೆ ಫೋನು ಹಚ್ಚಿದ: "ಸಾರ್, ನಿರೀಕ್ಷಣಾ ಜಾಮೀನು ಇವತ್ತೇ ಹಾಕಬಹುದಾ? ಕುಡಿಸಿದ್ದು ನಮ್ಮಮ್ಮ ಸಾರ್, ನಾನು ಹೊಸ್ತಿಲಲ್ಲಿದ್ದೆ ಅಷ್ಟೆ." ಅವನು ಇಷ್ಟು ಹೇಳುವಷ್ಟರಲ್ಲಿ ಕೋಣೆಯಿಂದ ಗೊರಕೆ ಕೇಳಿಸಿತು. ಆ ಕೇಸೂ ಅವನ ಕೈತಪ್ಪಿತು.

ಸಂಜೆ ಡಾಕ್ಟರಮ್ಮ ಬಂದು ಬಾಟಲಿ ಎತ್ತಿ ನೋಡಿದರು. ಅದರಲ್ಲಿ ಇನ್ನೂ ಅಷ್ಟೊಂದು ಔಷಧಿ ಉಳಿದಿದ್ದನ್ನು ಕಂಡು ಅವರಿಗೆ ಎಲ್ಲವೂ ತಿಳಿಯಿತು. ಮೇಷ್ಟ್ರನ್ನೂ ವಕೀಲನನ್ನೂ ನಿಲ್ಲಿಸಿಕೊಂಡು ಬೈದರು, ನನಗೆ ಹೊಟ್ಟೆ ತುಂಬಿದ ಹಾಗಾಯಿತು. ಆದರೆ ಅಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ.

ಆಮೇಲೆ ಭಾವನಿಗೆ ಹೆಚ್ಚು ದಿನ ಸಿಗಲಿಲ್ಲ. ಸಿಕ್ಕ ದಿನಗಳಲ್ಲಿ ಹಾಲಿಗೆ ಬ್ರೆಡ್ಡು ಅದ್ದಿಕೊಂಡು ತಿಂದರು, ದಿಂಬಿಗೊರಗಿ ನನ್ನ ಜೊತೆ ಇಸ್ಪೀಟು ಆಡಿದರು, ಎಲೆ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದರು. ಅಕ್ಕನನ್ನು ಹತ್ತಿರ ಕೂರಿಸಿಕೊಂಡು ಏನೇನೋ ಹಳೆಯದನ್ನು ಮಾತಾಡಿದರು. ಒಂದು ಮಧ್ಯಾಹ್ನ ಅವಳು ಪಕ್ಕದಲ್ಲಿರುವಾಗಲೇ ಹೋದರು. ಯಾರೂ ಕಳಿಸಲಿಲ್ಲ, ಯಾರೂ ತಡೆಯಲಿಲ್ಲ.

ಹಿರಿಯರ ಸಂಘದವರು ಶ್ರದ್ಧಾಂಜಲಿ ಸಭೆ ಇಟ್ಟರು. ಹೊಸ ಸುಣ್ಣದ ಕೋಣೆ, ಹೂವಿನ ಹಾರ ಹಾಕಿದ ಫೋಟೋ. ಮೇಷ್ಟ್ರು ಮೈಕು ಹಿಡಿದರು. "ನನ್ನ ತಮ್ಮ ವೀರ. ದಯಾಮರಣದ ಅಡ್ಡದಾರಿ ಕಣ್ಣೆದುರಿಗಿದ್ದರೂ ಅವನು ಅತ್ತ ತಿರುಗಲಿಲ್ಲ. ಎಂಥ ನೋವನ್ನೂ ಹಲ್ಲುಕಚ್ಚಿ ಸಹಿಸಿದ. ಆ ಸಹನೆ ನಮಗೆಲ್ಲ ದಾರಿದೀಪ" ಅಂದರು. ಜೋರು ಚಪ್ಪಾಳೆ. ವಕೀಲ ಕಣ್ಣೊರೆಸಿಕೊಂಡ. ನನ್ನ ನಾಲಿಗೆ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ನನಗಿಂತ ಮೊದಲೇ ಪಕ್ಕದಲ್ಲಿದ್ದ ಅಕ್ಕ ಎದ್ದು ನಿಂತಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೇಷ್ಟ್ರ ಎದುರು ಅವಳು ದನಿ ಎತ್ತಿದವಳೇ ಅಲ್ಲ.

"ಸಹಿಸಲಿಲ್ಲ ಮೇಷ್ಟ್ರೇ" ಅಂದಳು. ಮೈಕು ಬೇಕಾಗಲಿಲ್ಲ. "ಅವರಿಗೆ ಸಹಿಸಕ್ಕಾಗಲಿಲ್ಲ. ಔಷಧಿ ಕೊಡು ಕೊಡು ಅಂತ ಗೋಗರೆದ್ರು. ಔಷಧಿ ಮನೇಲೇ ಇತ್ತು, ಅವರು ಮಲಗಿದ್ದ ಕೋಣೇಲೇ. ನೀವೆಲ್ಲ ಬೀಗ ಹಾಕು ಅಂದ್ರಿ, ನಾನು ಹಾಕಿದೆ."